ಇಂಗ್ಲಿಷ್ ಕಾದಂಬರಿಯ ಒಡೆಯರು, ನಮ್ಮ ಒಡೆಯರು

ಹೊನ್ನಾವರದ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿ ಸೇರಿದ ವರ್ಷ ಬಿ.ಎ. ಕೊನೆಯ ತರಗತಿಗೆ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಪಠ್ಯವಾಗಿತ್ತು. ಆ ಕಾಲದ ಅಂಥ ಕಾದಂಬರಿಗಳಲ್ಲಿ ಇರುವುದೆಲ್ಲ ಅದರಲ್ಲೂ ಇತ್ತು. ಕಣ್ಣಿಗೆ ಕಾಣುವಷ್ಟೂ ಜಮೀನಿರುವ ಒಬ್ಬ ಗಂಡಸು, ಆಸ್ತಿಯಿಲ್ಲದ ಮನೆಯ ಬುದ್ಧಿವಂತ ಹುಡುಗಿ, ನಡುವೆ ಕುಣಿತದ ಕೂಟಗಳು, ಚಹಾ, ಜಗಳ, ಕೊನೆಗೆ ಮದುವೆ. ಪಾಠ ಶುರುವಾದ ಮೊದಲ ವಾರವೇ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮ್ಯಾಮ್, ಇದ್ರಲ್ಲಿ ಕ್ಲಾಸ್ ಕ್ಲಾಸ್ ಅಂತ ಬತ್ತದಲ್ಲ, ಅಂದ್ರೆ ಜಾತಿಯಾ?"

"ಜಾತಿಯಲ್ಲ. ಅಂತಸ್ತು," ಅಂದೆ.

"ಅಂತಸ್ತು ಅಂದ್ರೆ ದುಡ್ಡಾ?"

"ಪೂರ್ತಿ ದುಡ್ಡೂ ಅಲ್ಲ."

"ಮತ್ತೆಂತ ಮ್ಯಾಮ್?"

ತರಗತಿ ನಕ್ಕಿತು.  ಆಗ ಬಾಗಿಲ ಬಳಿಯಿಂದ ಒಂದು ದನಿ ಬಂತು. "ಇಬ್ಬರು ಎದುರಾದಾಗ ಯಾರು ಮೊದಲು ಮಾತಾಡಿಸಬಹುದು, ಯಾರು ಕಾಯಬೇಕು ಅನ್ನೋದು." ಮುಂದಿನ ಗಂಟೆಯ ಪಾಠಕ್ಕೆ ಬಂದು ನಿಂತಿದ್ದ ಸಹೋದ್ಯೋಗಿ ಅವನು. ಅದೇ ಕಾದಂಬರಿಯನ್ನು ಇನ್ನೊಂದು ವಿಭಾಗಕ್ಕೆ ಹೇಳಿಕೊಡುತ್ತಿದ್ದ. ಹುಡುಗರು ಅವನ ಮಾತನ್ನು ಬರೆದುಕೊಂಡರು. ನಾನೂ ಮನಸ್ಸಿನಲ್ಲಿ ಬರೆದುಕೊಂಡೆ.

ನಾನು ಕುಮಟಾದ ಹತ್ತಿರದ ಒಂದು ಹಳ್ಳಿಯವಳು. ಮಳೆಗಾಲದಲ್ಲಿ ಭತ್ತ, ಅದು ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ನೀರುಳ್ಳಿ, ಬಸಳೆ, ಹರಿವೆ. ನೀರುಳ್ಳಿಯನ್ನು ಜಡೆ ಹೆಣೆದು ಹೆದ್ದಾರಿಯ ಪಕ್ಕದಲ್ಲಿ ತೂಗುಹಾಕಿ ಮಾರುವವರು ಅಪ್ಪ, ಅಮ್ಮ. ನಮ್ಮ ಮನೆಯಲ್ಲಿ ಎಂ.ಎ. ಓದಿದವಳು ನಾನೊಬ್ಬಳೇ. ಆ ಕೆಲಸ ನನಗೆ ಬೇಕೇ ಬೇಕಿತ್ತು. ಅವನಿಗೆ ಹಾಗೇನೂ ಇರಲಿಲ್ಲ. ಪೇಟೆಯಲ್ಲಿ ಅವನ ಮನೆಯವರದು ಅಂಗಡಿಗಳಿದ್ದ ಒಂದು ಕಟ್ಟಡವೇ ಇತ್ತು. ಓದುವ ಹುಚ್ಚು, ಅದಕ್ಕೇ ಪಾಠ ಮಾಡಲು ಬರುತ್ತಿದ್ದ. ನಮಗಿಬ್ಬರಿಗೂ ಹುಚ್ಚು ಒಂದೇ ಆಗಿದ್ದರಿಂದ ಉಳಿದದ್ದೂ ಒಂದೇ ಅಂದುಕೊಂಡೆ.

ಸ್ಟಾಫ್ ರೂಮಿನಲ್ಲಿ ನಮ್ಮ ಮಾತೆಲ್ಲ ಆ ಕಾದಂಬರಿಗಳದ್ದೇ. ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಅವುಗಳ ಸಿನಿಮಾಗಳನ್ನೂ ಧಾರಾವಾಹಿಗಳನ್ನೂ ತುಂಬಿಕೊಂಡಿದ್ದ. ಒಂದೇ ಕಥೆಯನ್ನು ಮೂರು ಸಲ ಸಿನಿಮಾ ಮಾಡಿದ್ದನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತಿದ್ದ. "ನೋಡು, ಹಳೆಯದರಲ್ಲಿ ಇವಳ ಮನೆ ಎಷ್ಟು ಚೊಕ್ಕ. ಹೊಸದರಲ್ಲಿ ಕೋಳಿ, ಹಂದಿ, ಕೆಸರು ಎಲ್ಲ ಇದೆ. ಬಡತನ ತೋರಿಸೋಕೂ ಈಗ ಧೈರ್ಯ ಬಂದಿದೆ." ನಾನು ನಗುತ್ತಿದ್ದೆ. "ಆ ಮನೆಗೆ ಬಡತನ ಅಂದ್ರೆ ನಮ್ಮನೆಗೆ ಎಂತ ಹೇಳೂದು? ಅವ್ರ ಮನೇಲಿ ಇಬ್ರು ಆಳು ಇದ್ರು." ಅವನೂ ನಗುತ್ತಿದ್ದ. ಆ ನಗುವಿನಲ್ಲಿ ನಾನು ಸಿಕ್ಕಿಬಿದ್ದೆ.

ಕಾಲೇಜಿನಲ್ಲಿ ಸರ್, ಮ್ಯಾಮ್ ಅಂತಿದ್ದವರು ಕಾಲೇಜು ಬಿಟ್ಟ ಮೇಲೆ ನೀನು ಅನ್ನತೊಡಗಿದೆವು. ಕುಮಟಾದ ಬಸ್ಸು ಬರುವವರೆಗೆ ನಿಲ್ದಾಣದ ಹೊರಗೆ ನಿಂತು ಮಾತು. ಒಂದು ಸಂಜೆ ಅವನೇ ಹೇಳಿದ, "ನಿನ್ನ ಬಸ್ಸು ತಪ್ಪಲಿ ಅಂತ ದಿನಾ ಅಂದ್ಕೊಳ್ತೇನೆ." ಇಷ್ಟೇ ಅವನ ಪ್ರೇಮ ನಿವೇದನೆ. ನನಗೆ ಸಾಕಾಗಿತ್ತು. ಬಸ್ಸಿನಲ್ಲಿ ಕೂತು ಮನೆ ತಲುಪುವವರೆಗೂ ಅದನ್ನೇ ಮತ್ತೆ ಮತ್ತೆ ಕೇಳಿಸಿಕೊಂಡೆ.

ನಾವಿಬ್ಬರೂ ಸೇರಿ ವಿದ್ಯಾರ್ಥಿಗಳಿಗೆ ಆ ಕಾದಂಬರಿಯ ಸಿನಿಮಾ ತೋರಿಸಿದೆವು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಪ್ರೊಜೆಕ್ಟರ್ ಹಚ್ಚಿ ಕೂತೆವು. ನಾಯಕನ ಮನೆ ಮೊದಲ ಸಲ ಪರದೆಯ ಮೇಲೆ ಬಂದಾಗ ಹಿಂದಿನಿಂದ ಒಬ್ಬ ಕೂಗಿದ, "ಇದು ಮನೆಯಾ, ತಾಲೂಕು ಆಫೀಸಾ?" ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಕೊನೆಯಲ್ಲಿ ನಾಯಕ ಗರ್ವ ಬಿಟ್ಟು ಬಂದು ನಾಯಕಿಯ ಮುಂದೆ ತಡವರಿಸುತ್ತ ನಿಂತಾಗ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ಪಕ್ಕದ ಕುರ್ಚಿಯಲ್ಲಿದ್ದ ಅವನು ಕತ್ತಲೆಯಲ್ಲಿ ನನ್ನ ಕೈ ಹಿಡಿದ. ಮೂವತ್ತು ವರ್ಷಕ್ಕೆ ಹತ್ತಿರವಾಗಿದ್ದ ನಾನು ಕಾಲೇಜು ಹುಡುಗಿಯ ಹಾಗೆ, ಯಾರಾದರೂ ನೋಡಿದರೇ ಎಂದು ಹಿಂದೆ ತಿರುಗಿ ನೋಡಿದೆ.

ಅದೇ ಸಿನಿಮಾವನ್ನು ಒಂದು ಭಾನುವಾರ ಮನೆಯಲ್ಲಿ ಮೊಬೈಲಿನಲ್ಲಿ ನೋಡುತ್ತಿದ್ದಾಗ ಅಜ್ಜಿ ಪಕ್ಕದಲ್ಲಿ ಬಂದು ಕೂತಳು. ಅಪ್ಪನ ತಾಯಿ. ಸಸಿ ನೆಡುವಾಗಿನ ನೆಟ್ಟಿ ಹಾಡು, ಮದುವೆ ಹಾಡು ಕೇಳಬೇಕಾದರೆ ಈಗಲೂ ಊರವರು ಅವಳ ಹತ್ತಿರ ಬರುತ್ತಾರೆ. ಇಂಗ್ಲಿಷ್ ಬಾರದ ಅವಳಿಗೆ ನಾನು ಕಥೆ ಹೇಳುತ್ತ ಹೋದೆ.

"ಇವ್ರೆಲ್ಲ ಎಂತಕ್ಕೆ ಕುಣೀತೇ ಇರೂದು? ಗದ್ದೆ ಕೆಲ್ಸ ಯಾರು ಮಾಡ್ತಾರೆ?" ಅಂದಳು.

"ಅವ್ರಿಗೆ ಒಕ್ಕಲು ಇರ್ತಾರೆ ಅಜ್ಜಿ."

"ಎಲ್ಲವ್ರೆ? ಕಾಣ್ತಿಲ್ಲ."

ನಿಜಕ್ಕೂ ಕಾಣುತ್ತಿರಲಿಲ್ಲ. ಆಮೇಲೆ ಒಂದು ದೃಶ್ಯ ಬಂತು. ನಾಯಕ ಎಷ್ಟು ಒಳ್ಳೆಯವನು, ಒಕ್ಕಲುಗಳನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದು ಆ ಮನೆಯ ಹಳೆಯ ಕೆಲಸದವಳು ನಾಯಕಿಗೆ ಹೇಳುತ್ತಾಳೆ. ಅದನ್ನು ಕೇಳಿ ನಾಯಕಿಯ ಮನಸ್ಸು ಕರಗುತ್ತದೆ. ನಾನು ಅದನ್ನೂ ವಿವರಿಸಿದೆ. ಅಜ್ಜಿ ಬಾಯಿಯ ಎಲೆಯಡಿಕೆಯನ್ನು ಉಗಿದು ಬಂದು ಹೇಳಿದಳು, "ಒಡೆಯರ ಮನೇಲಿ ನಿಂತ್ಕಂಡು ಒಡೆಯರ್ನ ಬೈತಾರೇ ಯಾರಾದ್ರೂ? ಹುಚ್ಚು ಹುಡ್ಗಿ, ಅದ್ನೆಲ್ಲ ನಂಬ್ತದೆ."

ಪಾಠ ಹೇಳುವ ನನಗಾಗಲೀ ಅವನಿಗಾಗಲೀ ಅದು ಹೊಳೆದಿರಲಿಲ್ಲ. ಮರುದಿನ ಅವನಿಗೆ ಹೇಳಿದೆ. ಅವನು ತುಂಬಾ ಮೆಚ್ಚಿದ. "ನಿನ್ನ ಅಜ್ಜಿಯನ್ನು ಒಮ್ಮೆ ನೋಡಬೇಕು," ಅಂದ. ಯಾವ ಊರು, ಯಾರ ಗದ್ದೆ ಗೇಣಿಗೆ ಮಾಡುತ್ತಿದ್ದರು ಎಂದೆಲ್ಲ ಕೇಳಿದ. ನಾನು ಅಜ್ಜಿಯಿಂದ ಕೇಳಿದ್ದನ್ನು ಹೇಳಿದೆ. ಹೊನ್ನಾವರದ ಇಂಥ ಮನೆಯವರು, ನದಿ ಕಡೆಗೆ ಮುಖ ಮಾಡಿದ ದೊಡ್ಡ ಮನೆ. ಅವನ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ನಗು.

"ಅದು ನಮ್ಮನೆ ಕಣೇ," ಅಂದ.

ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ನಮ್ಮ ಅಜ್ಜ ಬಿಡಿಸಿಕೊಂಡ ಗದ್ದೆ ಅವನ ಅಜ್ಜನದು. ಅವನಿಗೆ ಅದೊಂದು ಸೊಗಸಾದ ಕಾಕತಾಳೀಯ, ಕಾದಂಬರಿಯಲ್ಲಿ ಬರುವಂಥದ್ದು. "ನಮ್ಮ ಮನೆಯವರು ಅದನ್ನೆಲ್ಲ ಯಾವತ್ತೋ ಮರೆತಿದ್ದಾರೆ. ಅಪ್ಪನಿಗೆ ಯಾರ ಮೇಲೂ ಸಿಟ್ಟಿಲ್ಲ. ಮನೆಗೆ ಬಾ, ನಾನೇ ಹೇಳ್ತೇನೆ ಎಲ್ಲ," ಅಂದ.

ಮನೆಯಲ್ಲಿ ಅಮ್ಮನಿಗೆ ಮಾತ್ರ ಹೇಳಿದೆ. ಅವಳು ನೀರುಳ್ಳಿ ಜಡೆ ಹೆಣೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಜಾತಿ ಬೇರೆ ಅನ್ನೂದು ಒಂದೇ ಅಲ್ಲ ಮಗಾ. ಆ ಮನೆ ಹಿತ್ಲ ಬಾಗ್ಲಲ್ಲಿ ನಿನ್ನ ಅಜ್ಜಿ ಗೇಣಿ ಭತ್ತ ಹೊತ್ಕಂಡು ಹೋಗಿ ನಿಂತಿದ್ಲು. ಅವ್ರು ಬಂದು ಅಳತೆ ಮಾಡೂವರೆಗೂ ಬಿಸ್ಲಲ್ಲೇ."

"ಅದೆಲ್ಲ ಹಳೇದು ಅಮ್ಮ. ಅವ ಹಂಗಿಲ್ಲ."

"ಅವ ಹಂಗಿಲ್ದೇ ಇರ್ಬಹ್ದು. ನೀ ಹೆಂಗಿದ್ದೆ ಅಂತ ನೋಡ್ಕ."

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ.

ಅವನ ಮನೆಗೆ ಹೋದದ್ದು ಒಂದು ಬೆಳಿಗ್ಗೆ. ನನ್ನಲ್ಲಿದ್ದ ಒಳ್ಳೆಯ ಹತ್ತಿ ಸೀರೆ ಉಟ್ಟಿದ್ದೆ. ದಾರಿಯುದ್ದಕ್ಕೂ ಏನು ಮಾತಾಡಬೇಕು ಎಂದು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದೆ. ನಾನು ಓದಿದ ಕಾದಂಬರಿಗಳಲ್ಲಿ ಬಡ ಮನೆಯ ನಾಯಕಿಯರು ಗೆಲ್ಲುವುದು ಮಾತಿನಿಂದ. ದೊಡ್ಡ ಮನೆಯ ಹಾಲಿನಲ್ಲಿ ನಿಂತು, ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು, ಚುರುಕಾದ ಒಂದು ಉತ್ತರ ಕೊಡುತ್ತಾರೆ. ಸಿನಿಮಾಗಳಲ್ಲಿ ಆಗ ಕ್ಯಾಮೆರಾ ಅವಳ ಮುಖಕ್ಕೆ ಹತ್ತಿರ ಬರುತ್ತದೆ. ನನಗೂ ಮಾತು ಬರುತ್ತಿತ್ತು. ಕನ್ನಡ, ಕೊಂಕಣಿ, ಇಂಗ್ಲಿಷ್, ಮೂರರಲ್ಲೂ.

ಅವನು ನನ್ನನ್ನು ಮುಂದಿನ ಬಾಗಿಲಿನಿಂದಲೇ ಕರೆದುಕೊಂಡು ಹೋದ. ಜಗಲಿಯಲ್ಲಿ ಅವನ ಅಪ್ಪ ಪೇಪರ್ ಓದುತ್ತಿದ್ದರು. ಬಿಳಿ ಬನಿಯನ್, ಬಿಳಿ ಪಂಚೆ, ನಗುಮುಖ. ಅವನು ಹೇಳಿದ, "ಅಪ್ಪ, ನಮ್ಮ ಕಾಲೇಜಲ್ಲಿ ಇಂಗ್ಲಿಷ್ ಹೇಳ್ತಾರೆ. ನಮ್ಮ ಹಳೇ ಗದ್ದೆ ಇದ್ದ ಊರಿನವರು." ಆಮೇಲೆ ನನ್ನ ಅಜ್ಜನ ಹೆಸರು ಹೇಳಿದ.

ಅವರು ಪೇಪರ್ ಪಕ್ಕಕ್ಕಿಟ್ಟು ಎದ್ದು ನಿಂತೇ ಬಿಟ್ಟರು. "ಅವನ ಮೊಮ್ಮಗಳಾ ನೀನು? ಹೌದನೇ? ಬಾ ಮಗಾ, ಬಾ ಕೂತ್ಕ. ಇವಳೇ, ಬಾ ಇಲ್ಲಿ, ಯಾರು ಬಂದಿದ್ದಾರೆ ನೋಡು!" ಒಳಗಿನಿಂದ ಅವನ ತಾಯಿ ಬಂದರು. ಅವರಿಗೂ ಅಷ್ಟೇ ಸಂತೋಷ. ನನ್ನ ಅಜ್ಜ ಎಷ್ಟು ಪ್ರಾಮಾಣಿಕ, ಗೇಣಿಯಲ್ಲಿ ಒಂದು ಸೇರೂ ಕಡಿಮೆ ಮಾಡಿದವನಲ್ಲ, ಹಬ್ಬಕ್ಕೆ ತರಕಾರಿ ತಂದುಕೊಡುತ್ತಿದ್ದ ಎಂದೆಲ್ಲ ಅವನ ಅಪ್ಪ ಹೇಳಿದರು. "ನಮ್ಮ ಒಕ್ಕಲ ಮನೆ ಹುಡುಗಿ ಎಂ.ಎ. ಮಾಡಿ ಇಂಗ್ಲಿಷ್ ಪಾಠ ಮಾಡ್ತದೆ ಅಂದ್ರೆ! ನನ್ನ ಅಪ್ಪ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು." ಅವರ ಕಣ್ಣು ತುಂಬಿತ್ತು. ನಟನೆ ಇರಲಿಲ್ಲ. ಆಮೇಲೆ ನನ್ನ ಕಡೆ ಬಾಗಿ ಕೇಳಿದರು.

"ಕೆಲಸ ಕಾಯಂ ಆಗಿಲ್ಲ ಅಲ್ಲನೇ? ಆ ಕಮಿಟಿಯವರು ನಂಗೆ ಗೊತ್ತು. ನಾನು ಒಂದು ಮಾತು ಹೇಳ್ಲಾ?"

ನಾನು ಬಾಯಿ ತೆರೆದೆ. ಏನೋ ಒಂದು ಸಭ್ಯವಾದ, ನೇರವಾದ ಉತ್ತರ ಹೇಳಬೇಕೆಂದಿದ್ದೆ. ಬಂದದ್ದು ಬೇರೆ.

"ಆತು ಒಡೆಯರೇ," ಅಂದೆ.

ನನ್ನ ಜೀವಮಾನದಲ್ಲಿ ಯಾರಿಗೂ ಆ ಪದ ಹೇಳಿರಲಿಲ್ಲ. ನನ್ನ ಅಪ್ಪನೂ ಹೇಳುತ್ತಿರಲಿಲ್ಲ. ಅಜ್ಜಿ ಹೇಳಿದ್ದನ್ನು ಚಿಕ್ಕವಳಿದ್ದಾಗ ಕೇಳಿದ್ದೆ, ಅಷ್ಟೇ. ಅದು ಎಲ್ಲಿ ಕೂತಿತ್ತೋ, ನನ್ನ ತಲೆಯನ್ನೂ ತಗ್ಗಿಸಿ ಹೊರಗೆ ಬಂತು. ನಾನು ಅವನ ಕಡೆ ನೋಡಿದೆ. ಅವನು ಕಂಬಕ್ಕೆ ಒರಗಿ ನಿಂತಿದ್ದ. ಅವನ ಮುಖ ಕೆಂಪಾಗಿತ್ತು. ಈಗ ಹೇಳುತ್ತಾನೆ, ಅಪ್ಪ ಇವಳು ಕೆಲಸ ಕೇಳೋಕೆ ಬಂದವಳಲ್ಲ ಅಂತ ಹೇಳುತ್ತಾನೆ ಎಂದು ಕಾದೆ. ಅವನು ಹಿತ್ತಲ ಕಡೆ ನೋಡಿದ.

ಅವನ ತಾಯಿ ಗಂಡನಿಗೆ ಕೊಂಕಣಿಯಲ್ಲಿ, ಬರಿಗೈಯಲ್ಲಿ ಕಳಿಸುವುದು ಬೇಡ, ಕೊಡಲು ತಂದಿಟ್ಟ ಸೀರೆಗಳಲ್ಲಿ ಒಂದು ತರುತ್ತೇನೆ ಅಂದರು. ನಮ್ಮ ಅಕ್ಕಪಕ್ಕದ ಮನೆಯವರ ಮಾತು ಕೊಂಕಣಿ. ನನಗೆ ಒಂದೊಂದು ಅಕ್ಷರವೂ ತಿಳಿಯಿತು. ಅಂಥ ಮನೆಗಳಲ್ಲಿ ಉಡಲು ಇಡುವ ಸೀರೆ ಬೇರೆ, ಕೊಡಲು ಇಡುವ ಸೀರೆ ಬೇರೆ. ಅರಿಸಿನ ಕುಂಕುಮ, ಬಾಳೆಹಣ್ಣು, ತೆಂಗಿನಕಾಯಿಯ ಜೊತೆ ಸೀರೆ ಕೊಟ್ಟರು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಅತ್ತೆಯಾಗುವವರ ಕಾಲು ಮುಟ್ಟುವ ಕನಸಿನಲ್ಲಿ ಬಂದವಳು ಒಡತಿಯ ಕಾಲು ಮುಟ್ಟಿ ಹೊರಗೆ ಬಂದೆ.

ಗೇಟಿನ ಹೊರಗೆ ಅವನು ಹೇಳಿದ, "ಇವತ್ತು ಹೇಳೋ ಸಂದರ್ಭ ಇರಲಿಲ್ಲ. ಅಪ್ಪ ಅಷ್ಟು ಖುಷಿಯಲ್ಲಿದ್ರು."

"ಯಾವಾಗ ಹೇಳ್ತೀಯಾ?"

"ಹೇಳ್ತೇನೆ ಮಾರಾಯ್ತಿ. ಸ್ವಲ್ಪ ಸಮಯ ಕೊಡು."

ಅವರು ನನ್ನನ್ನು ಬೈದಿದ್ದರೆ, ಅವಮಾನ ಮಾಡಿದ್ದರೆ ನಾನು ಎದುರು ನಿಲ್ಲುತ್ತಿದ್ದೆ ಎಂದು ಈಗಲೂ ಅನಿಸುತ್ತದೆ. ಕಾದಂಬರಿಗಳಲ್ಲಿ ಹಾಗೇ ಆಗುತ್ತದೆ. ಬೈಗುಳಕ್ಕೆ ಉತ್ತರ ಕೊಡಬಹುದು. ಅಷ್ಟೊಂದು ಪ್ರೀತಿಗೆ ಏನು ಉತ್ತರ ಕೊಡುವುದು?

ಮನೆಗೆ ಬಂದಾಗ ಸೀರೆ ನೋಡಿ ಅಜ್ಜಿ ಕೇಳಿದಳು. ಯಾರು ಕೊಟ್ಟರು ಎಂದು ಹೇಳಿದೆ. ಕೆಲಸದವಳ ಹೊಗಳಿಕೆಯನ್ನು ನಂಬಿದ ನಾಯಕಿಯನ್ನು ಹುಚ್ಚಿ ಅಂದಿದ್ದ ಅದೇ ಅಜ್ಜಿ ಸೀರೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. "ನಮ್ಮ ನೆನಪದೆಯೇ ಅವ್ರಿಗೆ? ಜಗಲಿ ಮೇಲೆ ಕೂರ್ಸಿದ್ರೇ ನಿನ್ನ?" ಎಂದು ಮತ್ತೆ ಮತ್ತೆ ಕೇಳಿದಳು. ಓಣಿಯ ಎಲ್ಲರಿಗೂ ಹೇಳಿಬಂದಳು. ಅಮ್ಮ ನನ್ನ ಮುಖ ನೋಡಿದಳು. ಊಟ ಬಡಿಸಿದಳು. ನಾನು ಅನ್ನ ಕಲಸಿ ಕಲಸಿ ಹಾಗೇ ಎದ್ದುಹೋದೆ.

ಆಮೇಲಿನ ತಿಂಗಳುಗಳನ್ನು ಹೇಗೆ ಹೇಳಲಿ. ಅವನು ಕೆಟ್ಟವನಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ನಗುತ್ತಿದ್ದ, ಹೊಸ ಪುಸ್ತಕ ಕೊಡುತ್ತಿದ್ದ. ಬಸ್ ನಿಲ್ದಾಣಕ್ಕೆ ಬರುವುದು ಮಾತ್ರ ನಿಂತಿತು. ಕರೆ ಮಾಡಿದರೆ ಎತ್ತುತ್ತಿರಲಿಲ್ಲ, ಬಹಳ ಹೊತ್ತಿನ ಮೇಲೆ "ಹೊರಗಿದ್ದೆ" ಎಂದು ಸಂದೇಶ. ನಾನು ಪ್ರತಿ ಬಸ್ಸನ್ನೂ ಬಿಟ್ಟು ಅದರ ಮುಂದಿನದಕ್ಕೆ ಕಾಯುತ್ತಿದ್ದೆ. ಅವನ ಬೈಕಿನ ಸದ್ದಿನ ಹಾಗೆ ಕೇಳಿದರೆ ಸಾಕು, ತಿರುಗುತ್ತಿದ್ದೆ. ತೆಳ್ಳಗಾದೆ. ತರಗತಿಯಲ್ಲಿ ಕಾದಂಬರಿಯ ಕೊನೆಯ ಅಧ್ಯಾಯಗಳು ನಡೆಯುತ್ತಿದ್ದವು. ನಾಯಕ ಎಲ್ಲವನ್ನೂ ಬಿಟ್ಟು ಬರುವ ಪುಟಗಳನ್ನು ಓದುವಾಗ ನನ್ನ ದನಿ ನನಗೇ ಸುಳ್ಳು ಹೇಳುವವಳ ದನಿಯಂತೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಅವನನ್ನು ಬಂದರಿನ ಕಡೆ ಕರೆದೆ. ಮೀನಿನ ದೋಣಿಗಳು ಸಾಲಾಗಿ ಕಟ್ಟಿದ್ದವು. ಆಚೆ ಶರಾವತಿ ಸೇತುವೆಯ ಮೇಲೆ ಲಾರಿಗಳು. ನಾನು ಮುಚ್ಚುಮರೆಯಿಲ್ಲದೆ ಬೇಡಿಕೊಂಡೆ. ಬಾಡಿಗೆ ಮನೆ ಸಾಕು, ಮನೆಯವರು ಒಪ್ಪದಿದ್ದರೆ ರಿಜಿಸ್ಟರ್ ಆಫೀಸು ಸಾಕು, ಭಟ್ಕಳಕ್ಕೋ ಕಾರವಾರಕ್ಕೋ ಹೋಗಿ ಇಬ್ಬರೂ ದುಡಿದು ಬದುಕಬಹುದು ಅಂದೆ. ಯಾವ ನಾಯಕಿಯೂ ಹಾಗೆ ಬೇಡುವುದಿಲ್ಲ. ನಾನು ಬೇಡಿದೆ.

ಅವನು ನೀರಿನ ಕಡೆ ತಿರುಗಿ ಹೇಳಿದ, "ಅವತ್ತು ನೀನು ಅಪ್ಪನಿಗೆ ಒಡೆಯರೇ ಅಂದೆಯಲ್ಲ."

"ಬಾಯಿ ತಪ್ಪಿ ಬಂತು."

"ಗೊತ್ತು. ಆದರೆ ಅಪ್ಪನಿಗೆ ಎಷ್ಟು ಸಮಾಧಾನ ಆಯ್ತು ನೋಡಿದೆಯಾ? ನಂಗೆ ನಾಚಿಕೆ ಆಯ್ತು. ನಿನ್ನ ಬಗ್ಗೆನೋ, ಅಪ್ಪನ ಬಗ್ಗೆನೋ, ಗೊತ್ತಿಲ್ಲ. ಆಮೇಲೆ ನಿನ್ನನ್ನು ನೆನೆಸಿಕೊಂಡಾಗೆಲ್ಲ ಅದೇ ಕೇಳ್ತದೆ." ಬೈಕಿನ ಕೀಲಿಯನ್ನು ಅಂಗೈಯಲ್ಲಿ ತಿರುವಿದ. "ಅವರಿಗೆ ಹೇಳೋ ಶಕ್ತಿ ನಂಗಿಲ್ಲ. ನಾನು ಅಷ್ಟು ದೊಡ್ಡ ಮನುಷ್ಯ ಅಲ್ಲ."

ಅವನು ಅತ್ತ. ನಾನೇ ಅವನ ಬೆನ್ನು ಸವರಿದೆ. ಸಮಾಧಾನ ಮಾಡಿ, ಕಣ್ಣು ಒರೆಸಿಕೋ, ಯಾರಾದರೂ ನೋಡುತ್ತಾರೆ ಅಂದೆ. ಅವನು ಬೈಕು ಹತ್ತಿ ಹೋದ ಮೇಲೆ ನನ್ನನ್ನು ಸಮಾಧಾನ ಮಾಡಲು ಅಲ್ಲಿ ಯಾರೂ ಇರಲಿಲ್ಲ. ಬಲೆ ಹೊಲಿಯುತ್ತಿದ್ದ ಒಬ್ಬ ಹೆಂಗಸು, "ಎಂತ ಆತೇ ತಂಗೀ? ನೀರು ಕುಡೀತೆಯಾ?" ಅಂದಳು. ತಲೆಯಾಡಿಸಿ ನಡೆದೆ. ಆ ನದಿ ಅವತ್ತು ನನಗೆ ಬಹಳ ಹತ್ತಿರದಲ್ಲಿ ಕಂಡಿತು. ಇಷ್ಟೇ ಹೇಳುತ್ತೇನೆ. ಕುಮಟಾದ ಬಸ್ಸು ಬಂತು, ಹತ್ತಿದೆ.

ಮಳೆಗಾಲ ಶುರುವಾಗುವ ಮೊದಲು ಅವನಿಗೆ ನಿಶ್ಚಿತಾರ್ಥವಾಯಿತು. ಅದೇ ಹೊತ್ತಿಗೆ ಪ್ರಾಂಶುಪಾಲರು ನನ್ನನ್ನು ಕರೆದು, ಮುಂದಿನ ವರ್ಷಕ್ಕೂ ನಿಮ್ಮನ್ನೇ ಮುಂದುವರಿಸುತ್ತಾರೆ, ನಿಮ್ಮ ಬಗ್ಗೆ ದೊಡ್ಡವರೊಬ್ಬರು ಬಹಳ ಅಭಿಮಾನದಿಂದ ಹೇಳಿದ್ದಾರೆ ಅಂದರು. ಯಾರು ಎಂದು ಕೇಳಬೇಕಾಗಿರಲಿಲ್ಲ. ಅವನ ಅಪ್ಪ ಕೊಟ್ಟ ಮಾತು ಉಳಿಸಿಕೊಂಡಿದ್ದರು. ನಾನು ಆ ಕೆಲಸ ಬಿಟ್ಟೆ. ಮನೆಯಲ್ಲಿ ಅಪ್ಪ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. "ಒಡೆಯರು ಹೇಳಿ ಕೊಡ್ಸಿದ ಕೆಲ್ಸ ಬಿಟ್ಟು ಬಂದಿದೆ, ಇದ್ಕೆ ಎಂತ ಹೇಳೂದು," ಎಂದು ಅಜ್ಜಿ ಎಲ್ಲರೆದುರು ಕಣ್ಣೀರು ಹಾಕಿದಳು.

ಭಟ್ಕಳದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಮತ್ತೆ ಅತಿಥಿಯೇ. ಕುಮಟಾದಿಂದ ದಿನವೂ ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸ್ಸು ಹೊನ್ನಾವರ ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಎರಡು ವರ್ಷ ಹಾಗೆ ಕಳೆದ ಮೇಲೆ ಅಮ್ಮನೇ ಒಂದು ಸಂಬಂಧ ತಂದಳು. ಭಟ್ಕಳದ ಪಕ್ಕದ ಜಾಲಿಯಲ್ಲಿ ಮನೆ, ಸಹಕಾರಿ ಸಂಘದಲ್ಲಿ ಗುಮಾಸ್ತ, ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿದೆ, ಮಕ್ಕಳಿಲ್ಲ. ನೋಡಲು ಬಂದ ದಿನ ಅವರು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದರು.

"ಇಲ್ಲಿಂದ ಭಟ್ಕಳಕ್ಕೆ ಹೋಗಿ ಬಂದು ಮಾಡೂಕೆ ಸುಸ್ತಾಗ್ತದೆ ಅಲ್ವಾ? ನಮ್ಮನೆಯಿಂದ ಆದ್ರೆ ಹತ್ರ."

ನನಗೆ ನಿಜಕ್ಕೂ ಸುಸ್ತಾಗಿತ್ತು. ಹೂಂ ಅಂದೆ.

ಮದುವೆಯಾಯಿತು. ಅವರು ಕುಡಿಯುವುದಿಲ್ಲ, ಕೂಗುವುದಿಲ್ಲ. ಬೆಳಿಗ್ಗೆ ನನಗಿಂತ ಮೊದಲು ಎದ್ದು ಚಾ ಮಾಡುತ್ತಾರೆ. ಸಂಜೆ ಟಿ.ವಿ.ಯಲ್ಲಿ ಸುದ್ದಿ ನೋಡುತ್ತಾರೆ. ನಾನು ಒಳಗಿನ ಕೋಣೆಯಲ್ಲಿ ಕೂತು ಮರುದಿನದ ಪಾಠ ಓದುತ್ತೇನೆ. ನಮ್ಮಿಬ್ಬರ ನಡುವೆ ಜಗಳವೂ ಇಲ್ಲ, ಮಾತೂ ಇಲ್ಲ. ಕೆಲವು ಸಲ ಅವರು ಬಾಗಿಲಲ್ಲಿ ನಿಂತು, "ಎಂತಾದ್ರೂ ಬೇಕಾ?" ಎಂದು ಕೇಳುತ್ತಾರೆ. ಬೇಡ ಅನ್ನುತ್ತೇನೆ. ಅವರು ಒಂದು ಕ್ಷಣ ಅಲ್ಲೇ ನಿಂತು ಹೋಗುತ್ತಾರೆ. 

ಈ ವರ್ಷ ಮತ್ತೆ ಅಂಥದೇ ಒಂದು ಕಾದಂಬರಿ ಪಠ್ಯಕ್ಕೆ ಬಂದಿದೆ. ಅದರಲ್ಲಿ ನಾಯಕಿಗೆ ಒಬ್ಬ ಗೆಳತಿ ಇದ್ದಾಳೆ. ವಯಸ್ಸು ಮೀರುತ್ತಿದೆ, ಆಸ್ತಿ ಇಲ್ಲ. ಪ್ರೀತಿಸದ ಒಬ್ಬ ಸಾಮಾನ್ಯ ಮನುಷ್ಯನನ್ನು, ಒಂದು ಮನೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಳ್ಳುತ್ತಾಳೆ. ಎಂ.ಎ. ಓದುವಾಗ ಅಂಥವಳ ಮೇಲೆ ನಾನು ಕಟುವಾಗಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಮೊನ್ನೆ ಆ ಅಧ್ಯಾಯದ ದೃಶ್ಯವನ್ನು ತರಗತಿಯಲ್ಲಿ ತೋರಿಸಿದೆ. ಸಿನಿಮಾದವರು ಅವಳ ಗಂಡನನ್ನು ಕುಳ್ಳನಾಗಿ, ಪೆದ್ದನಾಗಿ ಮಾಡಿದ್ದರು. ಅವನು ಬಾಗಿ ನಮಸ್ಕರಿಸಿದಾಗ ಹುಡುಗಿಯರೆಲ್ಲ ನಕ್ಕರು.

"ಮ್ಯಾಮ್, ಇವಳಿಗೆ ತಲೆ ಇಲ್ವಾ? ಇದಕ್ಕಿಂತ ಮದುವೆ ಆಗ್ದೇ ಇರಬಹುದಿತ್ತು," ಒಬ್ಬಳು ಅಂದಳು. ಉಳಿದವರು ಇನ್ನಷ್ಟು ನಕ್ಕರು.

"ನಗಬೇಡಿ!" ಎಂದು ಕೂಗಿಬಿಟ್ಟೆ. ಪಕ್ಕದ ತರಗತಿಗೂ ಕೇಳಿಸಿರಬೇಕು. "ಅವಳ ಬಗ್ಗೆ ಒಬ್ಬರೂ ನಗಬಾರದು. ಅವಳು ಎಲ್ಲಿಗೆ ಹೋಗಬೇಕಿತ್ತು? ಹೇಳಿ, ಎಲ್ಲಿಗೆ ಹೋಗಬೇಕಿತ್ತು?"

 ಕೇಳಿದ ಹುಡುಗಿ ತಲೆ ತಗ್ಗಿಸಿ ತನ್ನ ಓಢಣಿಯ ಅಂಚು ತಿರುಚುತ್ತ ಕೂತಳು. ಪರದೆಯ ಮೇಲೆ ಆ ಗೆಳತಿ ಹೊಸ ಮನೆಯ ಕೋಣೆಗಳನ್ನು ನಾಯಕಿಗೆ ತೋರಿಸುತ್ತಿದ್ದಳು. ಇಲ್ಲಿ ಬೆಳಕು ಚೆನ್ನಾಗಿದೆ, ಈ ಕೋಣೆಯಲ್ಲಿ ನಾನೊಬ್ಬಳೇ ಕೂರುತ್ತೇನೆ ಎಂಬಂಥ ಮಾತುಗಳು. ನಗುತ್ತಲೇ ಹೇಳುತ್ತಿದ್ದಳು. ನನಗೆ ಪ್ರೊಜೆಕ್ಟರ್ ನಿಲ್ಲಿಸಬೇಕೆನಿಸಿತು, ನಿಲ್ಲಿಸಲಿಲ್ಲ. ಮೇಜು ಹಿಡಿದುಕೊಂಡು ನಿಂತೆ. ಗಂಟೆ ಹೊಡೆಯಿತು. ಹುಡುಗಿಯರು ನನ್ನ ಕಡೆ ನೋಡದೆ ಒಬ್ಬೊಬ್ಬರಾಗಿ ಹೊರಗೆ ಹೋದರು.